ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದವರನ್ನು ಕ್ಯಾಟಲಾಗಿನಲ್ಲಿ ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ನಮ್ಮ ಬಡಾವಣೆಯ ಮಕ್ಕಳ ಲೈಬ್ರರಿಯ ಪುಸ್ತಕಗಳನ್ನು ಕೋಹಾ ಎಂಬ ಲೈಬ್ರರಿ ತಂತ್ರಾಂಶಕ್ಕೆ ಸೇರಿಸುತ್ತಿದ್ದೇವೆ. ಜಾಸ್ತಿ ಇರುವುದು ಕನ್ನಡದ ಚಿತ್ರಪುಸ್ತಕಗಳೇ. ಕತೆ ಬರೆದವರಿಗೆ "ಲೇಖಕರು", ಅನುವಾದ ಮಾಡಿದವರಿಗೆ "ಅನುವಾದಕರು" ಎಂದು ಹಾಕುತ್ತೇವೆ. ಅಲ್ಲಿ ಗೊಂದಲವಿಲ್ಲ. ಚಿತ್ರ ಬರೆದವರ ಹೆಸರಿನ ಪಕ್ಕ ಏನು ಹಾಕಬೇಕು ಎನ್ನುವುದೇ ನನ್ನ ಪ್ರಶ್ನೆ.

ಪುಸ್ತಕದ ವಿವರಗಳನ್ನು ಸಂಖ್ಯೆ ಕೊಟ್ಟ ಜಾಗಗಳಲ್ಲಿ ತುಂಬುವ ಮಾರ್ಕ್ 21 ದಾಖಲೆಯಲ್ಲಿ ಚಿತ್ರದ ವಿಷಯ ಮೂರು ಕಡೆ ಬರುತ್ತದೆ. 245ರಲ್ಲಿ ಶೀರ್ಷಿಕೆಯ ಜೊತೆಗೆ "ಚಿತ್ರಗಳು: ಇಂಥವರು" ಎಂದು ಪುಸ್ತಕದಲ್ಲಿ ಇದ್ದ ಹಾಗೇ ಬರೆದುಕೊಳ್ಳುತ್ತೇವೆ. 300ರಲ್ಲಿ ಪುಟಗಳ ಲೆಕ್ಕದ ಪಕ್ಕ, ಪುಸ್ತಕದಲ್ಲಿ ಚಿತ್ರಗಳಿವೆ ಎಂದಷ್ಟೇ ತಿಳಿಸುತ್ತೇವೆ. 700ರಲ್ಲಿ ಆ ವ್ಯಕ್ತಿಯ ಹೆಸರಿಗೇ ಒಂದು ನಮೂದು ಕೊಟ್ಟು, ಅವರು ಮಾಡಿದ ಕೆಲಸವನ್ನು ಹೇಳುತ್ತೇವೆ. ಈ ಮೂರನೆಯದು ತಪ್ಪಿಹೋದರೆ ನಷ್ಟ ದೊಡ್ಡದು. ಒಂದೇ ಹೆಸರು ಒಂದು ಪುಸ್ತಕದಲ್ಲಿ ಇನಿಶಿಯಲ್ ಜೊತೆ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅನುವಾದವಾಗಿ ಬಂದ ಪುಸ್ತಕವಾದರೆ ಕಾಗುಣಿತವೇ ಬೇರೆ. ಇವನ್ನೆಲ್ಲ ಒಂದು ರೂಪಕ್ಕೆ ತರುವುದು 700. "ಇದೇ ಚಿತ್ರದವರ ಇನ್ನೊಂದು ಪುಸ್ತಕ ಕೊಡಿ" ಎಂದು ಮಗು ಕೇಳಿದರೆ ಹುಡುಕಿಕೊಡಲು ಆಗಬೇಕು ಅಲ್ವಾ?

ಹಳೆಯ ನಿಯಮಗಳು ಇಲ್ಲಿ ಸ್ವಲ್ಪ ಬಿಗಿ. 1934ರಲ್ಲಿ ಬಂದ, ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್ ಅನುವಾದಕರು, ಸಂಪಾದಕರು, ಚಿತ್ರ ಬರೆದವರು ಎಲ್ಲರನ್ನೂ "ಕೊಲಾಬರೇಟರ್" ಎಂಬ ಒಂದೇ ಗುಂಪಿಗೆ ಸೇರಿಸುತ್ತದೆ. ಅಂದರೆ ಲೇಖಕರ ನಂತರದ ಸ್ಥಾನ. 1978ರ ಎಎಸಿಆರ್ 2 ಎಂಬ ಕ್ಯಾಟಲಾಗ್ ನಿಯಮಾವಳಿ ಚಿತ್ರ ಬರೆದವರಿಗೆ ನಮೂದು ಕೊಡಲು ಷರತ್ತು ಹಾಕಿತು: ಹೆಸರು ಲೇಖಕರಷ್ಟೇ ಎದ್ದು ಕಾಣಬೇಕು, ಇಲ್ಲವೇ ಚಿತ್ರಗಳು ಪುಸ್ತಕದ ಅರ್ಧಕ್ಕೆ ಕಡಿಮೆ ಇರಬಾರದು, ಇಲ್ಲವೇ ಚಿತ್ರಗಳು ಪುಸ್ತಕದ ಒಂದು ಮುಖ್ಯ ಅಂಶವಾಗಿರಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಆರ್‌ಡಿಎ ಎಂಬ ಹೊಸ ಕ್ಯಾಟಲಾಗ್ ನಿಯಮಗಳಿಗೆ ಬದಲಾಯಿತು. ಮಕ್ಕಳ ಪುಸ್ತಕವಾದರೆ ಚಿತ್ರ ಬರೆದವರಿಗೆ ನಮೂದು ಕೊಡಲೇಬೇಕು ಎನ್ನುವುದು ಈಗ ಅಲ್ಲಿನ ಪದ್ಧತಿ. ಇದೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಉದಾಹರಣೆಗೆ, "ಮನೆಯಲ್ಲಿ ಯಾರೂ ಇರಲಿಲ್ಲ" ಎಂದು ಕತೆ ಹೇಳುತ್ತದೆ. ಮಂಚದ ಕೆಳಗೆ ಬೆಕ್ಕಿನ ಬಾಲ ಕಾಣುವುದು ಚಿತ್ರದಲ್ಲಿ. ಅಲ್ಲಿ ಅರ್ಧ ಕತೆ ಹೇಳಿದವರು ಚಿತ್ರ ಬರೆದವರೇ.

ಈಗ ಪದಕ್ಕೆ ಬರುತ್ತೇನೆ. ನಮ್ಮ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು "ಚಿತ್ರಗಳು". 245ಕ್ಕೆ ಅದು ಸಾಕು. 700ಕ್ಕೂ ಅದನ್ನೇ ಹಾಕಿದರೆ 300ರ "ಚಿತ್ರಗಳು" ಜೊತೆ ಕಲೆಸಿಹೋಗುತ್ತದೆ. ಒಂದು ವಸ್ತುವಿನ ವಿಷಯ, ಇನ್ನೊಂದು ವ್ಯಕ್ತಿಯ ವಿಷಯ.

"ಕಲಾವಿದರು" ತುಂಬ ಅಗಲವಾದ ಪದ. ನಾಟಕದವರೂ ಕಲಾವಿದರು, ವೀಣೆ ನುಡಿಸುವವರೂ ಕಲಾವಿದರು. "ಚಿತ್ರ ಕಲಾವಿದರು" ಎಂದರೆ ಸಿನಿಮಾದವರು ಎಂದು ಓದುವ ಸಾಧ್ಯತೆ ಇದೆ. "ಚಿತ್ರಕಥೆ"ಯ ಗತಿಯೂ ಅದೇ ಆಗಿದೆ. "ಚಿತ್ರಗಾರ" ನನಗೆ ಇಷ್ಟದ ಪದ, ಆದರೆ ಅದು ಸಾಂಪ್ರದಾಯಿಕವಾಗಿ ಚಿತ್ರ ಬರೆಯುತ್ತ ಬಂದ ಸಮುದಾಯದ ಹೆಸರೂ ಹೌದು. ಅದನ್ನು ಎಲ್ಲರಿಗೂ ಹಚ್ಚುವುದು ಸರಿಯಲ್ಲ. ಚಿಕ್ಕದಾಗಿ "ಚಿ." ಎಂದು ಬರೆದರೆ ಲಗ್ನಪತ್ರಿಕೆಯ ಚಿರಂಜೀವಿ ಆಗುತ್ತದೆ. ಸಂಪಾದಕ, ಸಂಪುಟ ಎರಡಕ್ಕೂ "ಸಂ." ಬಳಸಿ ಆಗಲೇ ತೊಂದರೆ ಪಡುತ್ತಿದ್ದೇವೆ.

ಉಳಿದದ್ದು ಎರಡು. ಒಂದು "ಚಿತ್ರಕಾರರು". ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರನ್ನು ಕನ್ನಡದಲ್ಲಿ ವ್ಯಂಗ್ಯಚಿತ್ರಕಾರ ಎಂದೇ ಕರೆಯುತ್ತೇವೆ. ಅಣ್ಣ, ಲೇಖಕ ಆರ್.ಕೆ. ನಾರಾಯಣ್ ಅವರ ಕತೆಗಳಿಗೂ ಅವರು ಚಿತ್ರ ಬರೆದರು. ಆ ಕೆಲಸಕ್ಕೆ "ಚಿತ್ರಕಾರ" ಸಲೀಸಾಗಿ ಒಪ್ಪುತ್ತದೆ. ಇನ್ನೊಂದು "ಚಿತ್ರ ಬರೆದವರು". ನನ್ನ ಒಲವು ಇದರ ಕಡೆಗೆ. ನಾವು ಕತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಕ್ರಿಯಾಪದ ಒಂದೇ ಆದ್ದರಿಂದ ಇಬ್ಬರೂ ಸಮಾನವಾಗಿ ನಿಲ್ಲುತ್ತಾರೆ. ಗಂಡಸೋ ಹೆಂಗಸೋ ಎಂಬ ಪ್ರಶ್ನೆಯೂ ಏಳುವುದಿಲ್ಲ. ಮಗುವಿಗೆ ಓದಿದ ಕೂಡಲೇ ಅರ್ಥವಾಗುತ್ತದೆ. "ಚಿತ್ರ ಬಿಡಿಸಿದವರು" ಕೂಡ ಆದೀತು. ಶಾಲೆಗಳಲ್ಲಿ ಈಗ ಆ ಮಾತೇ ಜಾಸ್ತಿ.

ತೊಡಕು ಇಲ್ಲವೆಂದಲ್ಲ. ಬಟ್ಟೆಯ ಚೂರು ಅಂಟಿಸಿ, ಜೇಡಿಮಣ್ಣಿನಲ್ಲಿ ಗೊಂಬೆ ಮಾಡಿ ಚಿತ್ರ ಕಟ್ಟಿದ ಪುಸ್ತಕಗಳೂ ಇವೆ. ಅಲ್ಲಿ "ಬರೆದವರು" ಹೊಂದುತ್ತದೆಯೇ? ಫೋಟೋ ಆದರೆ ಚಿಂತೆಯಿಲ್ಲ, ಮಾರ್ಕ್‌ನಲ್ಲಿ ಛಾಯಾಗ್ರಾಹಕರಿಗೆ ಬೇರೆಯೇ ಸಂಕೇತ ಇದೆ. ಮುಖಪುಟ ಮಾಡಿದವರಿಗೂ ಬೇರೆ ಸಂಕೇತ ಇದೆ. "ಮುಖಪುಟ: ಇಂಥವರು" ಎಂದು ಮಾತ್ರ ಇದ್ದರೆ ಒಳಚಿತ್ರಗಳೂ ಅವರದೇ ಎಂದು ನಾವಾಗಿ ಸೇರಿಸಬಾರದು. "ಮುಖಪುಟ ಮತ್ತು ಒಳಚಿತ್ರಗಳು" ಎಂದಿದ್ದರೆ ಎರಡೂ ಕೆಲಸ ಕೊಡಬೇಕು. ಎಷ್ಟೋ ಸಲ ಈ ಸಾಲು ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಮುದ್ರಕರ ವಿಳಾಸದ ಹತ್ತಿರ ಸಣ್ಣ ಅಕ್ಷರದಲ್ಲಿ ಇರುತ್ತದೆ. ದಯವಿಟ್ಟು ಅಲ್ಲಿವರೆಗೂ ನೋಡಿ. ಆರ್‌ಡಿಎ ಪ್ರಕಾರ ಪುಸ್ತಕದೊಳಗೆ ಎಲ್ಲಿ ಸಿಕ್ಕರೂ (ಹೊರಗಿನ ಮಾಹಿತಿಗೆ ಹಾಕುವ) ಆವರಣ ಚಿಹ್ನೆ ಇಲ್ಲದೆ ತೆಗೆದುಕೊಳ್ಳಬಹುದು.

ಹಳೆಯ ಕಾರ್ಡ್ ಕ್ಯಾಟಲಾಗುಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಕನ್ನಡ ಕಾರ್ಡುಗಳಲ್ಲಿ ಯಾವ ಪದ ಬಳಸುತ್ತಿದ್ದಿರಿ ಹೇಳಿ. ಮಂಡ್ಯ ಕಡೆಯ ಅರಿವು ಕೇಂದ್ರಗಳಲ್ಲಿ (ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ) ಮಕ್ಕಳ ಪುಸ್ತಕ ನೋಡಿಕೊಳ್ಳುವವರು ಈಗ ಏನು ಬರೆಯುತ್ತಿದ್ದೀರಿ? ಕತೆ, ಚಿತ್ರ ಎರಡೂ ಒಬ್ಬರದೇ ಆದಾಗ ನಾನು ಲೇಖಕರ ಹೆಸರು ಬರುವ 100ರಲ್ಲೇ ಎರಡು ಕೆಲಸಗಳನ್ನೂ ಹಾಕುತ್ತಿದ್ದೇನೆ. ಅದಕ್ಕೆ "ಕತೆ ಮತ್ತು ಚಿತ್ರ ಬರೆದವರು" ಎನ್ನುವುದಕ್ಕಿಂತ ಚಿಕ್ಕ ಮಾತು ಹೊಳೆದರೆ ಅದನ್ನೂ ತಿಳಿಸಿ.