ಆರ್ಮಿ ಬಿಟ್ಟರೆ ಏನೂ ಬರಲ್ಲ ಅಂದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ರಾತ್ರಿನೇ ನೋಡಿದೆ. ಅವಸರದಲ್ಲಿ ಉತ್ತರ ಕೊಡುವ ವಿಷಯ ಅಲ್ಲ ಅಂತ ಸುಮ್ಮನಿದ್ದೆ. ಮುಂದಿನ ವರ್ಷ ಪೆನ್ಷನ್ ಬರುತ್ತೇನೆ, ಆರ್ಮಿ ಬಿಟ್ಟರೆ ನಂಗೇನೂ ಬರಲ್ಲ, ಎಲ್ಲಾದರೂ ಸೆಕ್ಯುರಿಟಿ ಕೆಲಸ ನೋಡಿ ಅಂತ ಬರೆದಿದ್ದೀಯ. ಸೆಕ್ಯುರಿಟಿ ಕೆಲಸ ಕೀಳು ಅಂತ ನಾನು ಹೇಳುವುದಿಲ್ಲ, ಆದರೆ ಏನೂ ಬರಲ್ಲ ಅನ್ನುವ ಮಾತನ್ನು ಒಪ್ಪುವುದಿಲ್ಲ.

ನೀನು ಸ್ಟೋರ್ ಕೀಪರ್. ಯೂನಿಟ್‌ನ ಸಾಮಾನು ಲೆಡ್ಜರಿಗೆ ಹತ್ತಿಸಿ, ಸ್ಟಾಕ್ ಚೆಕ್ಕಿಂಗ್ ಬಂದಾಗ ಒಂದು ಮೊಳೆಗೂ ಲೆಕ್ಕ ಕೊಟ್ಟವನು. ಹೊರಗೆ ಗೋಡೌನು, ಆಸ್ಪತ್ರೆ ಸ್ಟೋರು, ಫ್ಯಾಕ್ಟರಿಗಳಲ್ಲಿ ಇದೇ ಕೆಲಸಕ್ಕೆ ಜನ ಬೇಕು. ಹೊಸ ಹುಡುಗರಿಗೆ ಕೆಲಸ ಕಲಿಸಿದ್ದೀಯ, ಪಂಜಾಬಿನವರು ಬಿಹಾರದವರು ಎಲ್ಲರ ಜೊತೆ ಏಗಿದ್ದೀಯ, ಕನ್ನಡ ಹಿಂದಿ ಎರಡೂ ಸಲೀಸು. ನಾನು ಈಗ ಕೆಲಸ ಮಾಡುವ ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಬಲ್ಲವರು ಇದ್ದ ದಿನ ಹಳ್ಳಿಯಿಂದ ಬಂದ ಅಜ್ಜಿಯರ ಮುಖವೇ ಬೇರೆ ಇರುತ್ತದೆ, ದಿನಾ ನೋಡುತ್ತೇನೆ.

ನಾನು ಆರ್ಮಿ ಬಿಟ್ಟು ಬಂದಾಗ ಕಷ್ಟ ಅನಿಸಿದ್ದು ಕೆಲಸ ಅಲ್ಲ. ಅಲ್ಲಿ ತೋಳಿನ ಪಟ್ಟಿ ನೋಡಿದರೆ ನಾನು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು, ಇಲ್ಲಿ ನಾನೇ ಹೇಳಬೇಕಿತ್ತು. ಊರಲ್ಲಿ ಮಿಲಿಟ್ರಿ ಅಂತಲೇ ಕರೆಯುತ್ತಾರೆ, ಆ ಹೆಸರು ಪ್ರೀತಿಯದು, ಇರಲಿ. ಆದರೆ ಬ್ಯಾಂಕಿನಲ್ಲಿ ನನಗಿಂತ ಹತ್ತಾರು ವರ್ಷ ಚಿಕ್ಕ ಹುಡುಗಿ ನನ್ನ ಆಫೀಸರ್, ಕಂಪ್ಯೂಟರ್ ಕಲಿಸಿದ್ದು ಅವಳೇ. ಹವಾಲ್ದಾರ್ ಅನ್ನುವುದೇ ನಾನು ಅಂತ ಹಿಡಿದು ಕೂತಿದ್ದರೆ ಕಲಿಯಲು ಆಗುತ್ತಿರಲಿಲ್ಲ. ಶಿಸ್ತು, ಲೆಕ್ಕ, ಹೇಳಿದ ಹೊತ್ತಿಗೆ ಹಾಜರಿರುವುದು, ಇದೆಲ್ಲ ಯೂನಿಫಾರ್ಮ್ ಜೊತೆ ಪೆಟ್ಟಿಗೆ ಸೇರುವುದಿಲ್ಲ ತಮ್ಮಾ.

ಈಗ ವಿಷಯಕ್ಕೆ ಬರುತ್ತೇನೆ, ಮನೆಯವರಿಗೂ ಕೇಳಿಸು. ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಹುದ್ದೆಗಳಲ್ಲಿ ಮಾಜಿ ಸೈನಿಕರು, ಹುತಾತ್ಮರ ಮನೆಯವರು ಎಲ್ಲ ಸೇರಿ 14.5 ಪರ್ಸೆಂಟ್ ಮೀಸಲು ಇದೆ, ಅದಕ್ಕಿಂತ ಕೆಳಗಿನ ಹುದ್ದೆಗಳಲ್ಲಿ 24.5. ಡಿಗ್ರಿ ಇಲ್ಲ ಅಂತ ಹೆದರಬೇಡ, ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸರ್ವೀಸ್ ಮುಗಿಸಿ ಆರ್ಮಿಯ ವಿಶೇಷ ಶಿಕ್ಷಣ ಸರ್ಟಿಫಿಕೇಟ್ ಇದ್ದವರೂ ಕ್ಲರ್ಕ್ ಪರೀಕ್ಷೆ ಬರೆಯಬಹುದು. ವಯಸ್ಸಿನಲ್ಲೂ ಸರ್ವೀಸ್ ವರ್ಷಗಳನ್ನು ಕಳೆದು ನೋಡುತ್ತಾರೆ. ಆದರೆ ಪರೀಕ್ಷೆ ಪರೀಕ್ಷೆಯೇ, ಗಣಿತ ಮತ್ತು ಇಂಗ್ಲಿಷ್ ಈಗಿಂದಲೇ ಓದಬೇಕು.

ರಿಲೀಸ್‌ಗೆ ಮುಂಚೆ ಡಿಜಿಆರ್ ಕೋರ್ಸ್, ಅಂದರೆ ಸೈನಿಕರ ಪುನರ್ವಸತಿ ನೋಡುವ ಸರ್ಕಾರಿ ಕಚೇರಿ ಹೊರಗಿನ ಕೆಲಸಕ್ಕೆ ಕೊಡಿಸುವ ತರಬೇತಿ, ಇರುತ್ತದಲ್ಲ, ಜವಾನರಿಗೆ ಫೀಸು ಸರ್ಕಾರದ್ದೇ. ಎಷ್ಟೋ ಜನ ಅದನ್ನು ರಜೆ ಅಂದುಕೊಂಡು ಕಳೆಯುತ್ತಾರೆ, ನನಗೆ ಅದು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿನ್ನ ಕೆಲಸಕ್ಕೆ ಹತ್ತಿರದ್ದನ್ನೇ ಆರಿಸಿಕೋ. ಊರಿಗೆ ಬಂದ ಕೂಡಲೇ ಡಿಸ್ಚಾರ್ಜ್ ಬುಕ್ ಹಿಡಿದು ಜಿಲ್ಲಾ ಸೈನಿಕ ಕಚೇರಿಯಲ್ಲಿ ಹೆಸರು ನೋಂದಾಯಿಸು.

ಈ ವಾರ ಒಂದು ಕೆಲಸ ಮಾಡು. ರ‍್ಯಾಂಕ್, ಪೋಸ್ಟಿಂಗ್ ಯಾವುದನ್ನೂ ಬರೆಯದೆ, ನೀನು ದಿನಾ ಏನೇನು ಮಾಡುತ್ತಿದ್ದೆ ಅಷ್ಟನ್ನೇ ನಮ್ಮ ಅಮ್ಮನಿಗೂ ಅರ್ಥ ಆಗುವ ಹಾಗೆ ಕನ್ನಡದಲ್ಲಿ ಬರೆದು ನನಗೆ ಕಳಿಸು. ಬಯೋಡೇಟಾ ಇಬ್ಬರೂ ಭಾನುವಾರ ಫೋನಿನಲ್ಲಿ ಕೂತು ಮಾಡೋಣ.