ದಾರಿ ತಕರಾರು: ವಕೀಲರಿಗೆ ಏನು ಬರೆದು ಕೊಡಬೇಕು?

(ಬರಹದಲ್ಲಿ ನಡೆದ ಪ್ರಶ್ನೋತ್ತರ. ಕೇಳಿದವರ ಹೆಸರಿನ ಬದಲು ಅವರ ಊರಿದೆ.)

ಬ್ರಹ್ಮಾವರ: ನಮಸ್ಕಾರ ವಕೀಲ್ರೇ. ನಮ್ಮ ಮನೆಯ ದಾರಿಗೆ ಪಕ್ಕದವರು ಬೇಲಿ ಹಾಕಿದ್ದಾರೆ. ದಾವೆಗೆ ಹೀಗೆ ಬರೆದಿದ್ದೇನೆ: "ನಲವತ್ತು ವರ್ಷದಿಂದ ನಡೆದಾಡುತ್ತಿದ್ದೇವೆ. ಅವರ ತಂದೆ ಒಪ್ಪಿಗೆ ಕೊಟ್ಟಿದ್ದರು. ಈಗ ಮಗ ದ್ವೇಷದಿಂದ ತಡೆದಿದ್ದಾನೆ." ಸಾಕಾ?

ವಕೀಲರು: ಸಾಲದು. ನನಗೆ ಆ ಎರಡನೇ ವಾಕ್ಯದ್ದೇ ಚಿಂತೆ. 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗದಲ್ಲಿ ದಾರಿಯಂಥ ಬಳಕೆಯ ಹಕ್ಕು) ಕಾಯ್ದೆಯ ಪ್ರಕಾರ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದೇ ನಡೆದಿರಬೇಕು. ಅನುಮತಿ ಪಡೆದು ನಡೆದರೆ ಹಕ್ಕು ಹುಟ್ಟುವುದಿಲ್ಲ. ಹಾಗಾಗಿ ಅವರ ತಂದೆ ಏನು ಹೇಳಿದರು, ಯಾವಾಗ, ಯಾರ ಎದುರು, ಅದಕ್ಕೂ ಮೊದಲೇ ನಡೆಯುತ್ತಿದ್ದಿರಾ, ಇದ್ದದ್ದು ಇದ್ದ ಹಾಗೆ ಬರೆಯಿರಿ. ನಿಮ್ಮ ವಕೀಲರಿಂದ ಏನನ್ನೂ ಮುಚ್ಚಿಡಬೇಡಿ, ಪಾಟಿ ಸವಾಲಿನಲ್ಲಿ ಬಂದೇ ಬರುತ್ತದೆ. "ದ್ವೇಷ" ತೆಗೆಯಿರಿ. ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ಯಾವ ಸರ್ವೆ ನಂಬರ್? ಗದ್ದೆ ಹುಣಿಯಾ (ಬದು), ರಿಕ್ಷಾ ಹೋಗುವ ದಾರಿಯಾ? ಬೇಲಿ ಹಾಕಿದ್ದು ಯಾವ ದಿನ?

ಕಾಪು: ಇಷ್ಟೆಲ್ಲ ಯಾಕೆ ಮಾರ್ರೆ? "12 ವರ್ಷ ಬಳಸಿದ ಜಾಗ ನಿಮ್ಮದೇ" ಅಂತ ವಾಟ್ಸಾಪಲ್ಲಿ ಬಂದಿದೆ.

ವಕೀಲರು: ಆ ಮೆಸೇಜ್ ದಯವಿಟ್ಟು ಯಾರಿಗೂ ಕಳಿಸಬೇಡಿ. ನಡೆದಾಡುವುದು ಬೇರೆ, ಸ್ವಾಧೀನ ಬೇರೆ. ಅದನ್ನು ನಂಬಿ "ಜಾಗವೇ ನಮ್ಮದು" ಅಂತ ಬರೆದರೆ, ಇನ್ನೊಬ್ಬರ ಜಾಗದಲ್ಲಿ ದಾರಿ ಕೇಳುವ ವಾದವೇ ಬಿದ್ದುಹೋಗುತ್ತದೆ.

ಸುರತ್ಕಲ್: ಎಷ್ಟು ಪುಟ ಬರೆಯಬೇಕು ಸರ್?

ವಕೀಲರು: ಎರಡು ಸಾಕು. ತಾರೀಕಿನ ಕ್ರಮದಲ್ಲಿ.

ಬ್ರಹ್ಮಾವರ: ದಾರಿ ಸ್ವಲ್ಪ ದೂರ ಅವರ ಕುಮ್ಕಿಯಲ್ಲೂ (ಅವರ ಪಟ್ಟಾ ಜಮೀನಿಗೆ ತಾಗಿದ ಜಾಗ) ಹೋಗುತ್ತದೆ.

ಕಾಪು: ಕುಮ್ಕಿ ಅಂದ್ರೆ ವರ್ಗದಾರರದ್ದೇ (ಆ ಪಟ್ಟಾ ಜಮೀನಿನವರದ್ದೇ) ಜಾಗ.

ಮೂಡುಬಿದಿರೆ: ಅಲ್ಲ, ಸರ್ಕಾರದ್ದು. ಸೊಪ್ಪು, ಸೌದೆ ತರಬಹುದು, ಅಷ್ಟೆ.

ಕಾಪು: ನಮ್ಮ ಅಜ್ಜ ಅದರಲ್ಲಿ ಗೇರು ನೆಟ್ಟಿದ್ದಾರೆ. ನಿಮಗೇನು ಗೊತ್ತು?

ಮೂಡುಬಿದಿರೆ: ಗೇರು ನೆಟ್ಟರೆ ಆರ್‌ಟಿಸಿಯಲ್ಲಿ (ಪಹಣಿ) ಹೆಸರು ಬರುತ್ತದಾ? ಸುಮ್ನೆ ಏನೇನೋ ಹೇಳಬೇಡಿ.

ಉಳ್ಳಾಲ: ಚೆಕ್ ಬೌನ್ಸ್ ಕೇಸಿಗೂ ಹೀಗೇ ಬರೆಯಬೇಕಾ?

ಕುಂದಾಪುರ: ಎಷ್ಟು ಪುಟ ಆದ್ರೆ ಒಳ್ಳೇದು?

ವಕೀಲರು: ಮೇಲೆ ಓದಿ. ಜಗಳ ಬೇರೆ ಕಡೆ ಮಾಡಿ. ಕುಮ್ಕಿ ಸರ್ಕಾರದ್ದೇ, ಆ ಭಾಗಕ್ಕೆ 20 ಅಲ್ಲ, 30 ವರ್ಷ ತೋರಿಸಬೇಕು. ಸರ್ಕಾರವನ್ನು ಪ್ರತಿವಾದಿ ಮಾಡಬೇಕಾದರೆ ಸಾಮಾನ್ಯವಾಗಿ ಎರಡು ತಿಂಗಳ ನೋಟಿಸ್ ಬೇರೆ. ಬ್ರಹ್ಮಾವರದವರೇ, ಬೇಲಿಯ ತಾರೀಕು ಹೇಳಲೇ ಇಲ್ಲ.

ಬ್ರಹ್ಮಾವರ: ತಾರೀಕು ನೆನಪಿಲ್ಲ. ಕಳೆದ ದೀಪಾವಳಿ ಅಲ್ಲ, ಅದರ ಹಿಂದಿನದ್ದು ಆದ ಮೇಲೆ.

ವಕೀಲರು: ಹಾಗಾದರೆ ಜಾಸ್ತಿ ಸಮಯ ಇಲ್ಲ. ತಡೆದ ಮೇಲೆ ಎರಡು ವರ್ಷದೊಳಗೆ ದಾವೆ ಹಾಕದಿದ್ದರೆ ಈ 20 ವರ್ಷದ ಲೆಕ್ಕವೇ ನಿಲ್ಲುವುದಿಲ್ಲ. ಪಂಚಾಯತಿಗೆ ಕೊಟ್ಟ ಅರ್ಜಿ, ಠಾಣೆಯ ಹಿಂಬರಹ, ಏನಿದೆಯೋ ಹುಡುಕಿ.

ಬ್ರಹ್ಮಾವರ: ಬೇಲಿ ಹಾಕುವಾಗ ಮಗಳು ಫೋಟೋ ತೆಗೆದಿದ್ದಳು.

ವಕೀಲರು: ಆ ಮೊಬೈಲನ್ನು ಯಾರಿಗೂ ಮಾರಬೇಡಿ, ಫೋಟೋ ಅಳಿಸಬೇಡಿ. ನಾಳೆಯೇ ಅದನ್ನು ಹಿಡಿದುಕೊಂಡು ವಕೀಲರನ್ನು ಕಾಣಿ.