ಪದಚರ್ಚೆ: ಆಟದ ‘ರೊಟೇಷನ್’ಗೆ ವರಸೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕಾಗಿದೆ. ಒಂದನ್ನು ಆರಿಸಿಟ್ಟುಕೊಂಡಿದ್ದೇನೆ, ಆದರೆ ಅದು ಬೇರೆ ಊರಿನವರ ಕಿವಿಗೆ ಹೇಗೆ ಕೇಳಿಸುತ್ತದೆ ಅಂತ ತಿಳಿಯದೆ ಮುಂದೆ ಹೋಗಲು ಮನಸ್ಸಿಲ್ಲ.

ನಾನು ಬಹಳ ವರ್ಷದಿಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದೇನೆ. 2004ರ ನವೆಂಬರಿನಲ್ಲಿ ಶುರುವಾದ ಆನ್‌ಲೈನ್ ಕಂಪ್ಯೂಟರ್ ಆಟ, ಇವತ್ತಿಗೂ ನಡೆಯುತ್ತಿದೆ. ನನ್ನ ಜೊತೆ ಆಡುವ ಕನ್ನಡದ ಹುಡುಗ ಹುಡುಗಿಯರು ಏಳೆಂಟು ಮಂದಿ ಇದ್ದಾರೆ. ಅವರಿಗಾಗಿ ಮ್ಯಾಕ್ರೋ ಬರೆಯುವುದು ಹೇಗೆ ಅಂತ ಕನ್ನಡದಲ್ಲೇ ಒಂದು ಚಿಕ್ಕ ಕೈಪಿಡಿ ಬರೆಯಲು ಕೂತಿದ್ದೇನೆ. ಪದಗಳ ತೊಡಕು ಶುರುವಾಗಿದ್ದು ಅಲ್ಲಿಂದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಆಟದಲ್ಲಿ ನಮ್ಮ ಪಾತ್ರಕ್ಕೆ ಇಪ್ಪತ್ತು, ಮೂವತ್ತು ಎಬಿಲಿಟಿಗಳು, ಅಂದರೆ ಹೊಡೆತ, ಮಂತ್ರದಂಥವು, ಇರುತ್ತವೆ. ಒಂದೊಂದಕ್ಕೂ ಕೀಬೋರ್ಡಿನಲ್ಲಿ ಒಂದು ಕೀ. ಅವುಗಳಲ್ಲಿ ಎಷ್ಟೋ ಎಬಿಲಿಟಿಗಳನ್ನು ಒಮ್ಮೆ ಬಳಸಿದ ಮೇಲೆ ಮತ್ತೆ ಬಳಸಲು ಕೆಲವು ಸೆಕೆಂಡು ಕಾಯಬೇಕು. ಇದು ಕೂಲ್‌ಡೌನ್. ಇದಲ್ಲದೆ, ಹೆಚ್ಚಿನ ಎಬಿಲಿಟಿಗಳಲ್ಲಿ ಯಾವುದನ್ನು ಬಳಸಿದರೂ ಸಾಮಾನ್ಯವಾಗಿ 1.5 ಸೆಕೆಂಡು ಉಳಿದವೂ ಒಟ್ಟಿಗೆ ತಡೆದು ನಿಲ್ಲುತ್ತವೆ. ಇದು ಗ್ಲೋಬಲ್ ಕೂಲ್‌ಡೌನ್. ಈ ತಡೆಗಳ ನಡುವೆ ಯಾವುದಾದ ಮೇಲೆ ಯಾವುದನ್ನು ಒತ್ತಿದರೆ ಒಂದು ಕ್ಷಣವೂ ಹಾಳಾಗುವುದಿಲ್ಲ ಅನ್ನುವ ಲೆಕ್ಕಕ್ಕೆ ಆಟಗಾರರು ರೊಟೇಷನ್ ಅನ್ನುತ್ತಾರೆ. ಮ್ಯಾಕ್ರೋ ಅಂದರೆ ಹಲವು ಆಣತಿಗಳನ್ನು 255 ಅಕ್ಷರಗಳೊಳಗೆ ಬರೆದು ಒಂದೇ ಕೀಗೆ ಕಟ್ಟುವುದು.

ಮೊದಲು ನಾನು ರೊಟೇಷನ್‌ಗೆ ‘ಸರದಿ’ ಅಂತ ಬರೆದೆ. ಎಲ್ಲರಿಗೂ ಗೊತ್ತಿರುವ ಪದ, ಹಗುರವಾಗಿದೆ, ಇದಕ್ಕಿಂತ ಒಳ್ಳೆಯದು ಸಿಗದು ಅನ್ನಿಸಿತ್ತು. ಒಂದು ಸಂಜೆ ಅಕ್ಕನ ಮಗ ಫೋನ್ ಮಾಡಿದ. ನನ್ನ ಬರಹ ನೋಡಿಕೊಂಡು ಮ್ಯಾಕ್ರೋ ಕಟ್ಟಿದ್ದ. ಅದರಲ್ಲಿ ಕ್ಯಾಸ್ಟ್‌ಸೀಕ್ವೆನ್ಸ್ ಅನ್ನುವ ಆಣತಿ ಹಾಕಿದ್ದ. ಒಂದೇ ಕೀ ಒತ್ತುತ್ತಾ ಹೋದರೆ ಬರೆದಿಟ್ಟ ಎಬಿಲಿಟಿಗಳು ಒಂದಾದ ಮೇಲೊಂದು ಬರುತ್ತವೆ. “ಚಿಕ್ಕಿ, ಮೂರನೇದು ಬಂದ ತಕ್ಷಣ ನಿಂತೇ ಹೋಗುತ್ತೆ. ಎಷ್ಟು ಒತ್ತಿದರೂ ಏನೂ ಆಗಲ್ಲ” ಅಂದ. ಮೂರನೆಯದಕ್ಕೆ ಶತ್ರು ಹತ್ತಿರ ಇರಬೇಕು. ಶತ್ರು ದೂರ ಸರಿದಿತ್ತು. ಮೂರನೆಯದು ಆಗುವವರೆಗೆ ನಾಲ್ಕನೆಯದಕ್ಕೆ ಹೋಗುವುದಿಲ್ಲ ಅನ್ನುವುದು ಆ ಆಣತಿಯ ಕಟ್ಟಳೆ. ಹಾಗಿದ್ದಾಗ ಬಿಟ್ಟು ಮುಂದಿನದನ್ನು ಬೇರೆ ಕೀಯಿಂದ ಒತ್ತಬೇಕು ಅಂತ ನಾನು ಹೇಳಿದೆ. ಅವನು ಕೇಳಿದ: “ಸರದಿ ಅಂತ ನೀನೇ ಬರೆದಿದ್ದೀಯಲ್ಲ. ಸರದಿ ಅಂದ ಮೇಲೆ ಮುಂದಿನವರು ಕಾಯಲೇಬೇಕಲ್ವಾ?”

ಅವನು ಹೇಳಿದ್ದು ಸರಿ. ಸರದಿಯಲ್ಲಿ ನಿಂತವರೆಲ್ಲ ಸಮ. ಮುಂದಿನವರನ್ನು ದಾಟಿ ಹೋದರೆ ಜಗಳ. ಪದದ ಹೊಟ್ಟೆಯಲ್ಲೇ ಆ ಅರ್ಥ ಇದೆ, ಮತ್ತು ಅವನು ಪದವನ್ನು ನಂಬಿ ಮ್ಯಾಕ್ರೋ ಕಟ್ಟಿದ. ಆಮೇಲೆ ನಾನು ಸರದಿಯನ್ನು ಕೈಬಿಟ್ಟೆ. ಪಾಳಿಯೂ ಇದೇ ಜಾತಿಯದು. ಅದನ್ನು ಕೇಳಿದರೆ ಕಾರ್ಖಾನೆಯ ರಾತ್ರಿ ಪಾಳಿ ನೆನಪಾಗುತ್ತದೆ. ಪರಿಭ್ರಮಣ, ತಿರುಗುವಿಕೆ ಇವೆಲ್ಲ ಭೂಮಿಗೆ ಸರಿ.

ಅಲ್ಲಿಂದ ಹುಡುಕುತ್ತಾ ಹೋದಾಗ ಒಂದು ವಿಷಯ ಹೊಳೆಯಿತು. ಇಂಗ್ಲಿಷಿನವರು ರೊಟೇಷನ್ ಅನ್ನುವ ಒಂದೇ ಪದದೊಳಗೆ ಮೂರು ಬೇರೆ ಬೇರೆ ಸಂಗತಿಗಳನ್ನು ತುಂಬಿದ್ದಾರೆ. ಅವರಿಗೆ ರೂಢಿಯಾಗಿದೆ. ಹೊಸದಾಗಿ ಕನ್ನಡದಲ್ಲಿ ಹೇಳುವ ನಾವು ಅದೇ ಗೊಂದಲವನ್ನು ಯಾಕೆ ಹೊತ್ತುಕೊಂಡು ಬರಬೇಕು?

ಮೊದಲನೆಯದು, ನಿಜವಾಗಿಯೂ ಸುತ್ತು ಬರುವ ಕ್ರಮ. 2008ರಲ್ಲಿ ಬಂದ ರ‍್ಯಾತ್ ಆಫ್ ದಿ ಲಿಚ್ ಕಿಂಗ್ ಅನ್ನುವ ವಿಸ್ತರಣೆಯ ಕಾಲದಲ್ಲಿ ಗುರಾಣಿ ಹಿಡಿದು ಪೆಟ್ಟು ತಿನ್ನುವ ಪ್ಯಾಲಡಿನ್ ವರ್ಗದ ಆಟಗಾರರು ಒಂದು ಕ್ರಮ ಕಂಡುಕೊಂಡಿದ್ದರು. ಅದಕ್ಕೆ ‘969’ ಅಂತಲೇ ಹೆಸರು. 6 ಸೆಕೆಂಡಿಗೊಮ್ಮೆ ಬರುವ ಎಬಿಲಿಟಿ ಎರಡು, 9 ಸೆಕೆಂಡಿಗೊಮ್ಮೆ ಬಳಸುವಂಥವು ಮೂರು. ಒಂದು 6ರದು, ಒಂದು 9ರದು, ಮತ್ತೆ 6, ಮತ್ತೆ 9. ಹೀಗೆ 1.5 ಸೆಕೆಂಡಿಗೊಂದರಂತೆ ಒತ್ತುತ್ತಾ ಹೋದರೆ 6ರ ಜೋಡಿ ಸರಿಯಾಗಿ 6ಕ್ಕೇ ಮರಳುತ್ತದೆ, 9ರ ಮೂರು ಸರಿಯಾಗಿ 9ಕ್ಕೇ ಮರಳುತ್ತವೆ. 12 ಒತ್ತು, 18 ಸೆಕೆಂಡು ಆದಾಗ ಎಲ್ಲವೂ ಮೊದಲಿದ್ದ ಜಾಗಕ್ಕೆ ಬಂದು ನಿಲ್ಲುತ್ತವೆ. ಸಂಗೀತ ಕಲಿತವರಿಗೆ ಇದನ್ನು ವಿವರಿಸಲೇ ಬೇಕಿಲ್ಲ. 6ರ ಎಣಿಕೆ ಮೂರು ಸುತ್ತು, 9ರ ಎಣಿಕೆ ಎರಡು ಸುತ್ತು, ಎರಡೂ ಒಟ್ಟಿಗೆ ಸಮಕ್ಕೆ ಬೀಳುತ್ತವೆ. ಇನ್ನೊಂದು ಸೊಗಸು ಏನೆಂದರೆ, 9ರ ಗುಂಪಿನ ಹೋಲಿ ಶೀಲ್ಡ್, ಕಾನ್ಸಿಕ್ರೇಷನ್ ಎರಡೂ ನಿಜಕ್ಕೂ 8 ಸೆಕೆಂಡಿಗೇ ಸಿದ್ಧವಾಗುತ್ತಿದ್ದವು. ಲಯ ಕೆಡಬಾರದು ಅಂತ ಒಂದು ಸೆಕೆಂಡು ಸುಮ್ನೆ ಬಿಟ್ಟುಕೊಟ್ಟರು. ಇದಕ್ಕೆ ‘ಆವರ್ತ’ ಅನ್ನಲು ನನಗೆ ಯಾವ ಅನುಮಾನವೂ ಇಲ್ಲ. ತಾಳದ ಆವರ್ತ ಹೇಗೋ ಹಾಗೆ.

ಎರಡನೆಯದು, ಬರೆದಿಟ್ಟ ಕ್ರಮ. ಕ್ಯಾಸ್ಟ್‌ಸೀಕ್ವೆನ್ಸ್ ಮಾಡುವುದು ಇದನ್ನೇ. ಒಂದಾದ ಮೇಲೊಂದು, ನಡುವೆ ತಪ್ಪಿದರೆ ಅಲ್ಲೇ ನಿಲ್ಲುತ್ತದೆ. ಶತ್ರು ಬದಲಾದರೆ ಮೊದಲಿನಿಂದ ಶುರುವಾಗಲಿ ಅಂತ ರೀಸೆಟ್ ಷರತ್ತು ಬರೆದಿಟ್ಟರೆ ಮಾತ್ರ ಹಿಂದಕ್ಕೆ ಬರುತ್ತದೆ. 969 ಆಡುತ್ತಿದ್ದವರು 6ರ ಎರಡನ್ನು ಒಂದು ಮ್ಯಾಕ್ರೋಗೆ, 9ರ ಮೂರನ್ನು ಇನ್ನೊಂದಕ್ಕೆ ಹಾಕಿ ಎರಡು ಕೀಗಳನ್ನು ಬದಲಿಸಿ ಬದಲಿಸಿ ಒತ್ತಬಹುದಿತ್ತು. ಅಂಥ ಕಡೆ ಈ ಆಣತಿ ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೆಯದು ಸುತ್ತೂ ಅಲ್ಲ, ಸಾಲೂ ಅಲ್ಲ. ಪ್ರತಿ ಸಲವೂ ಮೇಲಿನಿಂದ ನೋಡುತ್ತಾ ಬರಬೇಕು. ಮೊದಲನೆಯದು ಸಿದ್ಧವಿದ್ದರೆ ಅದನ್ನೇ ಒತ್ತು, ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಅದೇ 2008ರ ಕಾಲದಲ್ಲಿ, ಅದೇ ಪ್ಯಾಲಡಿನ್ ವರ್ಗದಲ್ಲಿ, ದೊಡ್ಡ ಕತ್ತಿ ಹಿಡಿದು ಹೊಡೆಯುವವರು ಆಡುತ್ತಿದ್ದುದು ಹೀಗೆ. ಮೊದಲು ಸಿದ್ಧವಾಗಿದ್ದಕ್ಕೆ ಮೊದಲ ಅವಕಾಶ, ಒಟ್ಟಿಗೆ ಸಿದ್ಧವಾದರೆ ಮೇಲಿನದಕ್ಕೆ. ಗುರಾಣಿಯವರದು ಆವರ್ತ, ಕತ್ತಿಯವರದು ಇದು. ಎರಡನ್ನೂ ರೊಟೇಷನ್ ಅಂತಲೇ ಕರೆದರು! ಈಗ ಹೆಚ್ಚಿನ ಪಾತ್ರಗಳ ಆಟ ಈ ಮೂರನೆಯ ಬಗೆಯದೇ. ಇದಕ್ಕೆ ‘ಆದ್ಯತೆ’ ಅನ್ನಬಹುದು, ತಪ್ಪಿಲ್ಲ. ಆದರೆ ನನಗೆ ‘ಮೊದಲ ಮಣೆ’ ಜಾಸ್ತಿ ಇಷ್ಟ. ಯಾರಿಗೆ ಮೊದಲ ಮಣೆ, ಅವರು ಬಂದಿಲ್ಲವೆಂದರೆ ಆ ಮಣೆ ಯಾರಿಗೆ ಅಂತ ಹೇಳಿದರೆ ಸಾಕು, ಆಟದ ಲೆಕ್ಕ ಮಕ್ಕಳಿಗೂ ತಿಳಿಯುತ್ತದೆ.

ಈ ಮೂರನ್ನೂ ಒಳಗೊಳ್ಳುವ ಒಂದು ದೊಡ್ಡ ಪದವಾಗಿ ನಾನು ‘ವರಸೆ’ ಯೋಚಿಸಿದ್ದೇನೆ. ವರಿಸೆ ಎಂದೂ ಬರೆಯುತ್ತಾರೆ. ಸಾಲು, ಕ್ರಮ ಅನ್ನುವುದು ಅದರ ಹಳೆಯ ಅರ್ಥ. ತಮಿಳಿನ ವರಿಸೈ, ತೆಲುಗಿನ ವರುಸ ಇದರ ಒಡಹುಟ್ಟುಗಳು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅರ್ಥ ಅಲ್ಲ. ಕತ್ತಿ ವರಸೆ, ದೊಣ್ಣೆ ವರಸೆ ಅನ್ನುತ್ತೇವಲ್ಲ, ಅದು. ಅಲ್ಲಿ ವರಸೆ ಅಂದರೆ ಹೊಡೆತ, ತಡೆ, ಹೆಜ್ಜೆ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡು ಕೈಗೆ ಕೂತುಹೋದ ಓಟ. ಯೋಚಿಸದೆ ಬರುವಷ್ಟು ಅಭ್ಯಾಸವಾಗಿರಬೇಕು, ಎದುರಾಳಿ ಬದಲಾದರೆ ಬದಲಾಗುವಷ್ಟು ಸಡಿಲವಾಗಿಯೂ ಇರಬೇಕು. ಆಟದಲ್ಲಿ ನಾವು ಗೊಂಬೆಯ ಮುಂದೆ ನಿಂತು ಗಂಟೆಗಟ್ಟಲೆ ಮಾಡುವ ಅಭ್ಯಾಸ ಇದೇ ಅಲ್ವಾ?

ಸಂಗೀತದಲ್ಲೂ ವರಸೆ ಇದೆ. ಚಿಕ್ಕಂದಿನಲ್ಲಿ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹಾಡಿಯೇ ನಾನು ದಿನ ಶುರು ಮಾಡುತ್ತಿದ್ದೆ. ಸರಳೆ, ಜಂಟಿ, ದಾಟು. ಈ ಹೆಸರುಗಳನ್ನು ಹಾಗೇ ಆಟಕ್ಕೆ ತಂದುಬಿಡೋಣ ಅನ್ನಿಸಿತು. ನೇರವಾಗಿ ಹೋಗುವುದು ಸರಳೆ ವರಸೆ, ಸಿದ್ಧವಿಲ್ಲದ್ದನ್ನು ದಾಟಿ ಹೋಗುವುದು ದಾಟು ವರಸೆ. ಎರಡು ದಿನ ಈ ಯೋಚನೆಯಲ್ಲೇ ಖುಷಿಯಾಗಿದ್ದೆ. ಆಮೇಲೆ ಒಂದು ತಕರಾರು ನನಗೇ ಕಂಡಿತು. ಸಂಗೀತದ ದಾಟು ವರಸೆಯಲ್ಲಿ ಯಾವ ಸ್ವರದಿಂದ ಯಾವುದಕ್ಕೆ ದಾಟಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ದಾಟುವುದು ಆ ಹೊತ್ತಿನ ಪರಿಸ್ಥಿತಿ ನೋಡಿ. ಸಂಗೀತದವರು ಒಪ್ಪಲಿಕ್ಕಿಲ್ಲ. ಒಪ್ಪುವವರಿದ್ದರೆ ಹೇಳಿ, ನನಗಂತೂ ಈ ಹೆಸರನ್ನು ಬಿಡಲು ಮನಸ್ಸು ಬರುತ್ತಿಲ್ಲ.

ವರಸೆಗೆ ಒಂದು ತೊಂದರೆಯೂ ಇದೆ. “ಇದೇನು ನಿನ್ನ ಹೊಸ ವರಸೆ?” ಅಂತ ಬೈಯುತ್ತೇವೆ. ವರಸೆ ಬದಲಿಸಿದ ಅಂದರೆ ಮಾತು ತಪ್ಪಿದ, ರೀತಿ ಬದಲಿಸಿದ ಅಂತ. ನಮ್ಮ ಕಡೆ “ವರಸೆಯಲ್ಲಿ ಅವರು ಚಿಕ್ಕಪ್ಪ ಆಗಬೇಕು” ಅಂತ ನೆಂಟಸ್ತಿಕೆಗೂ ಹೇಳುತ್ತಾರೆ. ಇಷ್ಟು ಅರ್ಥ ಹೊತ್ತ ಪದಕ್ಕೆ ಇನ್ನೊಂದು ಹೊರೆ ಸರಿಯೇ? ನನಗೆ ಸರಿ ಅನ್ನಿಸುತ್ತದೆ. ಆಟದ ಮಾತು ನಡೆಯುವಾಗ ಯಾರೂ ನೆಂಟಸ್ತಿಕೆ ಅಂದುಕೊಳ್ಳುವುದಿಲ್ಲ.

ಇನ್ನು ಎಬಿಲಿಟಿ. ಗರಡಿಯ ‘ಪಟ್ಟು’ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪಟ್ಟುಗಳು, ಅವುಗಳ ವರಸೆ: ಎರಡೂ ಒಂದೇ ಮಣ್ಣಿನ ಮಾತು. ಗಾಯ ವಾಸಿ ಮಾಡುವ ಪಾತ್ರಗಳಿಗೆ ಕುಸ್ತಿಯ ಪದ ಹೊಂದುತ್ತದಾ ಅಂತ ಒಬ್ಬಳು ಕೇಳಿದಳು. ನಮ್ಮ ಮನೆಯಲ್ಲಿ ತಲೆನೋವಿಗೆ ಶುಂಠಿ ತೇಯ್ದು ಹಚ್ಚುವುದಕ್ಕೂ ಪಟ್ಟು ಹಾಕುವುದು ಅಂತಲೇ ಅನ್ನುತ್ತಾರೆ, ಹಾಗಾಗಿ ಹೊಂದುತ್ತದೆ ಅಂದೆ. ತೊಡಕು ಬಂದಿದ್ದು ಬೇರೆ ಕಡೆ. ಬರೆಯುತ್ತಾ ಹೋದಾಗ “ಈ ಪಟ್ಟಿಗೆ ಮೊದಲ ಜಾಗ ಕೊಡಿ” ಅಂತ ಬಂತು. ಪಟ್ಟು ಅನ್ನುವುದಕ್ಕೆ ವಿಭಕ್ತಿ ಸೇರಿದರೆ ಪಟ್ಟಿಗೆ, ಪಟ್ಟಿ ಅನ್ನುವುದಕ್ಕೆ ಸೇರಿದರೂ ಪಟ್ಟಿಗೆ. ಮಾತು ಪಟ್ಟುಗಳ ಪಟ್ಟಿಯ ಬಗ್ಗೆಯೇ ಇರುವಾಗ ಇದು ದೊಡ್ಡ ಗೋಜಲು. ಈಗ ನಾನು ಪಟ್ಟಿ ಅನ್ನುವ ಪದವನ್ನೇ ಬಿಟ್ಟು ‘ಸಾಲು’ ಅಂತ ಬರೆಯುತ್ತಿದ್ದೇನೆ.

ಕೂಲ್‌ಡೌನ್‌ನಲ್ಲೂ ಇಂಥದ್ದೇ ಆಯಿತು. ಬಿಸಿ ಕಾಫಿ ಆರುವ ಹಾಗೆ ‘ಆರುವ ಹೊತ್ತು’ ಅಂತ ಬರೆದೆ. ಚೆಂದವಾಗಿತ್ತು. 969 ವಿವರಿಸುವಾಗ “ಆರು ಸೆಕೆಂಡಿಗೆ ಆರುತ್ತದೆ” ಅಂತ ಬಂದು ಓದುವವರು ತಡವರಿಸಿದರು. ದಣಿವಾರುವ ಹೊತ್ತು ಅಂದರೆ ಉದ್ದವಾಯಿತು. ಕೊನೆಗೆ ‘ಬಿಡುವು’ ನಿಂತಿದೆ. “ಈ ಹೊಡೆತಕ್ಕೆ 6 ಸೆಕೆಂಡು ಬಿಡುವು” ಅಂದರೆ ಯಾರಿಗೂ ವಿವರಣೆ ಬೇಡ. ಗ್ಲೋಬಲ್ ಕೂಲ್‌ಡೌನ್‌ಗೆ ‘ಉಸಿರು’ ಅಂತ ಇಟ್ಟಿದ್ದೇನೆ. ಎರಡು ಪಟ್ಟುಗಳ ನಡುವೆ ಒಂದು ಉಸಿರು.

ನಮ್ಮ ಗುಂಪಿನ ಇಬ್ಬರು ಫೈನಲ್ ಫ್ಯಾಂಟಸಿ 14 ಕೂಡ ಆಡುತ್ತಾರೆ. ಅಲ್ಲಿ ಉಸಿರು ದೊಡ್ಡದು, ಸಾಮಾನ್ಯವಾಗಿ 2.5 ಸೆಕೆಂಡು. ಆ ಹೊತ್ತಿನಲ್ಲಿ ಉಸಿರಿನ ಲೆಕ್ಕಕ್ಕೆ ಸೇರದ ಸಣ್ಣ ಪಟ್ಟುಗಳನ್ನು ಒಂದೋ ಎರಡೋ ತೂರಿಸುತ್ತಾರೆ. ಅದಕ್ಕೆ ಅವರು ವೀವಿಂಗ್ ಅನ್ನುತ್ತಾರೆ, ನೇಯುವುದು. ಮಗ್ಗದ ಮುಂದೆ ಕೂತವರಿಗೆ ಇದರ ಪದ ಹುಡುಕುವ ಕೆಲಸವೇ ಇಲ್ಲ. ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಕ್ಕೆ ತೂರುವುದು ಹೊಕ್ಕು. ದೊಡ್ಡ ಪಟ್ಟುಗಳು ಹಾಸು, ನಡುವೆ ತೂರುವವು ಹೊಕ್ಕು. ಒಂದು ಉಸಿರಿನಲ್ಲಿ ಎರಡನ್ನು ತೂರಿದರೆ ಜೋಡಿ ಹೊಕ್ಕು. ಇದನ್ನು ಹೇಳಿದಾಗ ಆ ಇಬ್ಬರೂ ತಕ್ಷಣ ಬಳಸಲು ಶುರು ಮಾಡಿದರು. ದೂರದ ಸರ್ವರಿನಲ್ಲಿ ಆಡುವವರಿಗೆ ಜೋಡಿ ಹೊಕ್ಕು ಕಷ್ಟ, ಎರಡನೆಯದು ತಡವಾಗಿ ಮುಂದಿನ ಹಾಸನ್ನು ತಳ್ಳಿಬಿಡುತ್ತದೆ.

ಅದೇ ಆಟದಿಂದ ಇನ್ನೊಂದು ವಿಷಯ ತಿಳಿಯಿತು. ಅಲ್ಲಿ ಒಂದು ಮ್ಯಾಕ್ರೋದಲ್ಲಿ 15 ಸಾಲು ಬರೆಯಬಹುದು, ನಡುನಡುವೆ ಇಷ್ಟು ಸೆಕೆಂಡು ಕಾಯಿ ಅಂತಲೂ ಹೇಳಬಹುದು. ಆದರೂ ಪಳಗಿದವರು ಹೊಡೆದಾಟದ ವರಸೆಯನ್ನು ಮ್ಯಾಕ್ರೋಗೆ ಹಾಕುವುದಿಲ್ಲ. ಕೈಯಿಂದ ಸ್ವಲ್ಪ ಮುಂಚೆ ಒತ್ತಿದರೆ ಆಟ ಅದನ್ನು ಹಿಡಿದಿಟ್ಟುಕೊಂಡು ಉಸಿರು ಮುಗಿದ ಕೂಡಲೇ ಬಿಡುತ್ತದೆ. ಮ್ಯಾಕ್ರೋದಿಂದ ಬಂದಿದ್ದನ್ನು ಹಾಗೆ ಹಿಡಿದಿಡುವುದಿಲ್ಲ, ಪ್ರತಿ ಸಲವೂ ಚೂರು ಚೂರು ಹೊತ್ತು ಸೋರಿ ಹೋಗುತ್ತದೆ. ವಾರ್‌ಕ್ರಾಫ್ಟಿನಲ್ಲೂ ಮ್ಯಾಕ್ರೋ ಒಂದು ಒತ್ತಿಗೆ ಉಸಿರು ಬೇಡುವ ಒಂದೇ ಪಟ್ಟನ್ನು ಹಾಕಬಲ್ಲದು. ಉಸಿರು ಬೇಡದವನ್ನು ಅದರ ಜೊತೆ ಕಟ್ಟಬಹುದು, ಒಳ್ಳೆಯ ಮ್ಯಾಕ್ರೋ ಅಂದರೆ ಹೆಚ್ಚಾಗಿ ಇದೇ. ಯಾವುದು ಸಿದ್ಧವಿದೆ ಅಂತ ನೋಡಿ ತಾನೇ ಆರಿಸುವ ಹಾಗಿಲ್ಲ. 2006ರ ಡಿಸೆಂಬರಿನ 2.0 ಬದಲಾವಣೆಯಿಂದ ಆ ಬಾಗಿಲು ಮುಚ್ಚಿತು. 2025ರ ಜೂನಿನಲ್ಲಿ ಆಟದವರೇ ಮುಂದಿನ ಪಟ್ಟನ್ನು ತಾನೇ ಆರಿಸುವ ಒಂದೇ ಗುಂಡಿಯ ಸಹಾಯ ತಂದರು, ಅದಕ್ಕೂ ಪ್ರತಿ ಉಸಿರಿಗೆ 0.2 ಸೆಕೆಂಡು ದಂಡ ಇಟ್ಟರು. ಹಾಗಾಗಿ ಮ್ಯಾಕ್ರೋ ಬೇರೆ, ವರಸೆ ಬೇರೆ. ನನ್ನ ಕೈಪಿಡಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇರಲೇಬೇಕು ಅನ್ನುವುದು ಇದಕ್ಕೇ.

ಮ್ಯಾಕ್ರೋವನ್ನು ಮ್ಯಾಕ್ರೋ ಅಂತಲೇ ಬಿಟ್ಟಿದ್ದೇನೆ. ಸೂತ್ರ ಅನ್ನೋಣ ಅಂತ ಒಬ್ಬರು ಹೇಳಿದರು. ಚಿಕ್ಕದರಲ್ಲಿ ದೊಡ್ಡದನ್ನು ಅಡಗಿಸುವುದು ಅನ್ನುವ ಅರ್ಥದಲ್ಲಿ ಸರಿಯೇ, ಆದರೆ ಸೂತ್ರ ಅಂದರೆ ಗಣಿತದ ಲೆಕ್ಕ ಕಣ್ಣಿಗೆ ಬರುತ್ತದೆ. ಹುಡುಗರು ಹೇಗೂ “ಮ್ಯಾಕ್ರೋ ಹಾಕಿದ್ದೀಯಾ?” ಅಂತಲೇ ಕೇಳುವುದು.

ನಿಮ್ಮಿಂದ ಬೇಕಾಗಿರುವುದು ಇಷ್ಟು. ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯವರಿಗೆ ವರಸೆ ಅಂದಾಗ ಕತ್ತಿ ವರಸೆಯ ಅರ್ಥ ತಾನಾಗಿ ಹೊಳೆಯುತ್ತದಾ, ಇಲ್ಲಾ ಬರೀ ಬೈಗುಳದ ವರಸೆಯೇ ಕೇಳಿಸುತ್ತದಾ? ಕರಾವಳಿಯವರು ಇದಕ್ಕೆ ಬೇರೆ ಏನಾದರೂ ಅನ್ನುತ್ತೀರಾ? ಮೈಸೂರಿನ ಗರಡಿಗಳಲ್ಲಿ ಕಲಿತವರು, ಅಥವಾ ಮನೆಯಲ್ಲಿ ಹಿರಿಯರು ಕಲಿತಿದ್ದವರು ಇಲ್ಲಿದ್ದರೆ ಅವರಿಗೆ ಮುಖ್ಯವಾಗಿ ಕೇಳುತ್ತೇನೆ: ನಾಲ್ಕೈದು ಪಟ್ಟುಗಳನ್ನು ಬಿಡುವಿಲ್ಲದೆ ಒಂದರ ಬೆನ್ನಿಗೆ ಒಂದು ಹಾಕುತ್ತಾ ಹೋಗುವುದಕ್ಕೆ ಉಸ್ತಾದರು ಏನೆನ್ನುತ್ತಿದ್ದರು? ಆ ಮಾತು ಸಿಕ್ಕರೆ ನನ್ನ ವರಸೆಯನ್ನು ಬಿಟ್ಟು ಅದನ್ನೇ ಬರೆಯುತ್ತೇನೆ.